ಬರ್ಬನ್ನೋ ರೈಯೋ: ಐದು ಗ್ಲಾಸು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ

ಮೂರನೆಯ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದ ಭಾವ ಸುಮ್ಮನಾದರು. ಮತ್ತೊಮ್ಮೆ ಮೂಸಿದರು. ಆಮೇಲೆ ನನ್ನ ಕಡೆ ತಿರುಗಿ, “ಏ, ಇದ್ರಾಗೆ ಸಬ್ಬಸಿಗೆ ಸೊಪ್ಪು ಹಾಕ್ಯಾರೇನೋ?” ಅಂದರು.

ಯಾರೂ ಏನೂ ಹಾಕಿರಲಿಲ್ಲ. ಗ್ಲಾಸಿನ ಕೆಳಗಿದ್ದ ಚೀಟಿ ತಿರುಗಿಸಿ ನೋಡಿದರೆ ಅದು ಬುಲಿಟ್ ರೈ, ರೈ ಎಂಬ ಕಾಳಿನಿಂದ ಇಳಿಸುವ ಅಮೆರಿಕದ ವಿಸ್ಕಿ. ಇಂಡಿಯಾನಾ ರಾಜ್ಯದ ಲಾರೆನ್ಸ್‌ಬರ್ಗ್ ಊರಿನಲ್ಲಿ ನೂರಕ್ಕೆ 95 ಪಾಲು ರೈ ಕಾಳು, 5 ಪಾಲು ಮೊಳಕೆ ಬಾರ್ಲಿ ಹಾಕಿ ಭಟ್ಟಿ ಇಳಿಸಿದ್ದು. ಆ ಊರಿನ ರೈಯಲ್ಲಿ ಸಬ್ಬಸಿಗೆಯ ವಾಸನೆ ಇದೆ ಎಂದು ಇಲ್ಲಿನ ವಿಸ್ಕಿ ಪ್ರಿಯರು ವರ್ಷಗಳಿಂದ ಹೇಳುತ್ತಲೇ ಇದ್ದಾರೆ. ದಾವಣಗೆರೆಯಿಂದ ಮೊದಲ ಸಲ ಅಮೆರಿಕಕ್ಕೆ ಬಂದ, ಅಲ್ಲಿಯವರೆಗೆ ರೈ ವಿಸ್ಕಿಯನ್ನು ತುಟಿಗೂ ಇಟ್ಟಿರದ ನನ್ನ ಭಾವ ಅದನ್ನು ಹತ್ತು ನಿಮಿಷದಲ್ಲಿ ಹಿಡಿದರು. ನಾನು ಹೇಳಿಕೊಟ್ಟದ್ದು ಎರಡೇ ಮಾತು. ಒಂದು, ಗ್ಲಾಸುಗಳನ್ನು ಅಕ್ಕಪಕ್ಕ ಇಟ್ಟುಕೊಂಡೇ ನೋಡಿ. ಎರಡು, ವಿಸ್ಕಿಯ ಭಾಷೆ ಹುಡುಕಬೇಡಿ, ನಮ್ಮ ಅಡುಗೆಮನೆಯಲ್ಲಿ ಆ ವಾಸನೆಗೆ ಏನು ಹೆಸರೋ ಅದನ್ನೇ ಹೇಳಿ.

ನಾನು ಸಿನ್ಸಿನಾಟಿಗೆ ಬಂದು ಹದಿನೈದು ವರ್ಷವಾಯಿತು. ಇಲ್ಲಿಂದ ಕೆಂಟಕಿಯ ಭಟ್ಟಿಗಳು ಒಂದೂವರೆ ಗಂಟೆಯ ದಾರಿ, ಇಂಡಿಯಾನಾದ ಲಾರೆನ್ಸ್‌ಬರ್ಗ್ ಅರ್ಧ ಗಂಟೆ. ಊರಿಂದ ಬರುವವರು, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಬರ್ಬನ್ ತಗೊಳ್ಳೋದಾ, ರೈ ತಗೊಳ್ಳೋದಾ? ಎರಡೂ ಅಮೆರಿಕದ ವಿಸ್ಕಿಗಳೇ, ಬರ್ಬನ್ ಮುಖ್ಯವಾಗಿ ಮೆಕ್ಕೆಜೋಳದ್ದು, ರೈ ವಿಸ್ಕಿ ರೈ ಕಾಳಿನದು. ಈ ಎರಡರ ನಡುವೆ ಗೋಡೆ ಇಲ್ಲ ಎಂದು ತಿಳಿದ ಮೇಲೆಯೇ ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗುತ್ತದೆ. ಇರುವುದು ಒಂದು ಏಣಿ. ಬಾಟಲಿಯೊಳಗೆ ರೈ ಎಷ್ಟಿದೆ ಎನ್ನುವುದೇ ಅದರ ಮೆಟ್ಟಿಲು.

ಕಾಳಿನ ಲೆಕ್ಕ

ರೈ ಎಂದರೆ ರಾಗಿಯಲ್ಲ. ಹಿಂದಿಯವರ ರಾಯಿ, ಅಂದರೆ ನಮ್ಮ ಸಾಸಿವೆಯೂ ಅಲ್ಲ. ಗೋಧಿ, ಬಾರ್ಲಿಗಳ ದಾಯಾದಿ, ಚಳಿ ದೇಶದ ಕಾಳು. ಬರ್ಬನ್ನಿನ ಮುಖ್ಯ ಕಾಳಾದ ಮೆಕ್ಕೆಜೋಳವನ್ನು ಮಾತ್ರ ದಾವಣಗೆರೆ, ಹಾವೇರಿಯ ಕಡೆಯವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಫ್ರಾಂಕ್‌ಫರ್ಟ್ ಊರಿನ ಬಫಲೋ ಟ್ರೇಸ್ ಭಟ್ಟಿಯ ಅಂಗಳಕ್ಕೆ ಕಾಲಿಟ್ಟ ಕೂಡಲೇ ಭಾವ ನಿಂತುಬಿಟ್ಟರು. ಬೇಯುತ್ತಿದ್ದ ಜೋಳದ ಹಿಟ್ಟಿನ ಬಿಸಿ ವಾಸನೆ, ಅದರ ಹಿಂದೆ ಸ್ವಲ್ಪ ಹುಳಿ. ಅವರ ಮನೆಯಲ್ಲಿ ಎಂಟು ಎಕರೆ ಮೆಕ್ಕೆಜೋಳ ಹಾಕುತ್ತಾರೆ. ಜೋಳ ಎಂದರೆ ಕೋಳಿ ಫಾರಂಗೆ ಹೋಗುವ ಮಾಲು ಎಂದೇ ತಿಳಿದಿದ್ದ ಮನುಷ್ಯ ಆ ಕಾಳಿಗೆ ಇಲ್ಲಿ ಸಿಗುವ ಮರ್ಯಾದೆ ನೋಡಿ ಬಹಳ ಹೊತ್ತು ಅದನ್ನೇ ಮಾತಾಡಿದರು.

ಕಾನೂನು ಸರಳವಾಗಿದೆ. ಕಾಳುಗಳ ಮಿಶ್ರಣದಲ್ಲಿ ಕನಿಷ್ಠ ನೂರಕ್ಕೆ 51 ಪಾಲು ಮೆಕ್ಕೆಜೋಳ ಇದ್ದರೆ ಬರ್ಬನ್, 51 ಪಾಲು ರೈ ಇದ್ದರೆ ರೈ ವಿಸ್ಕಿ. ಈ ಮಿಶ್ರಣಕ್ಕೆ ಇಲ್ಲಿ ಮ್ಯಾಶ್ ಬಿಲ್ ಎನ್ನುತ್ತಾರೆ. ಮುಂದಿನದೆಲ್ಲ ಇಬ್ಬರಿಗೂ ಒಂದೇ ನಿಯಮ: ಭಟ್ಟಿಯಿಂದ ಇಳಿಯುವಾಗ ಆಲ್ಕೋಹಾಲ್ 80 ಪರ್ಸೆಂಟ್ ದಾಟಬಾರದು, ಬ್ಯಾರೆಲ್ಲಿಗೆ ಹಾಕುವಾಗ 62.5 ದಾಟಬಾರದು, ಬಾಟಲಿಗೆ ತುಂಬುವಾಗ 40ಕ್ಕಿಂತ ಕಡಿಮೆ ಇರಬಾರದು. ಒಳಮೈ ಸುಟ್ಟು ಕರಿಕಾಗಿಸಿದ ಹೊಸ ಓಕ್ ಮರದ ಬ್ಯಾರೆಲ್ಲೇ ಆಗಬೇಕು. ಎರಡು ವರ್ಷ ಕಳೆದರೆ ಲೇಬಲ್ ಮೇಲೆ ‘ಸ್ಟ್ರೇಟ್’ ಎಂದು ಹಾಕಿಕೊಳ್ಳಬಹುದು. ಬರ್ಬನ್ ಕೆಂಟಕಿಯಲ್ಲೇ ಆಗಬೇಕೆಂದಿಲ್ಲ, ಅಮೆರಿಕದಲ್ಲಿ ಆದರೆ ಸಾಕು. 1964ರಲ್ಲಿ ಇಲ್ಲಿನ ಸಂಸತ್ತಾದ ಕಾಂಗ್ರೆಸ್ ಅದನ್ನು ಈ ದೇಶದ ವಿಶಿಷ್ಟ ಉತ್ಪನ್ನ ಎಂದು ಠರಾವು ಮಾಡಿತು.

ಹೊಸ ಬ್ಯಾರೆಲ್ಲಿನ ಈ ನಿಯಮ ಹೋಲಿಕೆ ಮಾಡುವವರಿಗೆ ದೊಡ್ಡ ಉಪಕಾರ. ಬರ್ಬನ್ನಿನಲ್ಲಿ ಎಲ್ಲರೂ ಮೆಚ್ಚುವ ವೆನಿಲಾ ಬರುವುದು ಜೋಳದಿಂದಲ್ಲ, ಮರದಿಂದ. ಓಕ್ ಮರವನ್ನು ಸುಟ್ಟಾಗ ಅದರಲ್ಲಿರುವ ಲಿಗ್ನಿನ್ ಎಂಬ ಅಂಶ ಒಡೆದು ವೆನಿಲಿನ್ ಆಗುತ್ತದೆ, ಮರದೊಳಗಿನ ಸಕ್ಕರೆ ಕೆಂಪಗೆ ಕಾದು ಪಾಕದ ರುಚಿ ಕೊಡುತ್ತದೆ. ಅಮೆರಿಕದ ಬಿಳಿ ಓಕ್‌ನಲ್ಲಿ ಹೇರಳವಾಗಿರುವ ಲ್ಯಾಕ್ಟೋನ್‌ಗಳಿಂದ ಕೊಬ್ಬರಿಯ ಘಮ, ಯೂಜಿನಾಲ್‌ನಿಂದ ಲವಂಗದ ಘಮ. ರೈಗೂ ಇದೇ ಬ್ಯಾರೆಲ್ ಆದ್ದರಿಂದ ಇವೆಲ್ಲ ಅದರಲ್ಲೂ ಇರುತ್ತವೆ. ಹಾಗಾಗಿ ಎರಡನ್ನೂ ಪಕ್ಕದಲ್ಲಿ ಇಟ್ಟಾಗ ಕಾಣುವ ವ್ಯತ್ಯಾಸ ಬಹುಪಾಲು ಕಾಳಿನದೇ.

ಒಮ್ಮೆ ಬಳಸಿದ ಬ್ಯಾರೆಲ್ಲನ್ನು ಬರ್ಬನ್‌ಗೆ ಮತ್ತೆ ಬಳಸುವಂತಿಲ್ಲ. ಅವು ಸ್ಕಾಟ್ಲೆಂಡಿಗೆ ಹೋಗುತ್ತವೆ, ನಮ್ಮ ಬೆಂಗಳೂರಿಗೂ ಬರುತ್ತವೆ. ಅಮೃತ್ ಸಿಂಗಲ್ ಮಾಲ್ಟ್ ಕುಡಿದು ಅದರಲ್ಲಿ ವೆನಿಲಾ ಗುರುತಿಸಿದವರು ಅಷ್ಟರಮಟ್ಟಿಗೆ ಬರ್ಬನ್ ರುಚಿ ನೋಡಿಯೇ ಇದ್ದಾರೆ.

ಒಂದೇ ಕಸುವಿನ ಐದು ಬಾಟಲಿ

ರುಚಿ ನೋಡುವವರು ಮೊದಲು ಎಡವುವುದು ಆಲ್ಕೋಹಾಲ್ ಪ್ರಮಾಣದಲ್ಲಿ. 40ರದ್ದನ್ನೂ 50ರದ್ದನ್ನೂ ಪಕ್ಕದಲ್ಲಿ ಇಟ್ಟರೆ ಎರಡನೆಯದು ಎಲ್ಲದರಲ್ಲೂ ಜೋರಾಗಿಯೇ ಇರುತ್ತದೆ. ಗಂಟಲಿನ ಉರಿಯನ್ನು ರೈಯ ಖಾರ ಎಂದುಕೊಳ್ಳುವವರು ಬಹಳ ಮಂದಿ. ಅದಕ್ಕೇ ನಾನು ಆರಿಸಿದ ಐದೂ ಅಮೆರಿಕದಲ್ಲಿ 45 ಪರ್ಸೆಂಟಿಗೇ ಬಾಟಲಿಯಾಗುವಂಥವು. ಲೇಬಲ್ ಮೇಲೆ 90 ಪ್ರೂಫ್ ಎಂದಿರುತ್ತದೆ. ಇಲ್ಲಿನ ಪ್ರೂಫ್ ಎಂದರೆ ಪರ್ಸೆಂಟಿನ ಎರಡರಷ್ಟು. ನಮ್ಮೂರಿನ ಬಾಟಲಿಗಳ 42.8ಕ್ಕೆ ಒಗ್ಗಿದ ನಾಲಿಗೆಗೆ ಇದು ಸ್ವಲ್ಪ ಮಾತ್ರ ಮೇಲೆ. ಬೇರೆ ದೇಶಗಳಿಗೆ ಹೋಗುವ ಬಾಟಲಿಗಳಲ್ಲಿ ಕೆಲವೊಮ್ಮೆ ಕಡಿಮೆ ಮಾಡಿರುತ್ತಾರೆ, ಕೊಳ್ಳುವಾಗ ಅಂಕಿ ನೋಡಿಕೊಳ್ಳಿ.

ಗ್ಲಾಸು ಇಟ್ಟ ಕ್ರಮದಲ್ಲಿ ಅಲ್ಲ, ಏಣಿಯ ಕ್ರಮದಲ್ಲಿ ಹೇಳುತ್ತೇನೆ. ಕೆಳಗಿನ ಮೆಟ್ಟಿಲು ಮೇಕರ್ಸ್ ಮಾರ್ಕ್. ಕೆಂಟಕಿಯ ಲೊರೆಟ್ಟೊ ಊರಿನದು, ಕುತ್ತಿಗೆಗೆ ಕೆಂಪು ಮೇಣ ಸುರಿದಿರುತ್ತಾರೆ. ಇದರಲ್ಲಿ ರೈ ಇಲ್ಲವೇ ಇಲ್ಲ: 70 ಪಾಲು ಜೋಳ, 16 ಪಾಲು ಗೋಧಿ, 14 ಪಾಲು ಬಾರ್ಲಿ. ಗೋಧಿಗೆ ತನ್ನದೇ ಖಾರ ಇಲ್ಲದ ಕಾರಣ ಮರದ ಸಿಹಿ ತಡೆಯಿಲ್ಲದೆ ಮೇಲೆ ಬರುತ್ತದೆ. ಭಾವ ಒಂದು ಗುಟುಕು ಕುಡಿದು “ಹುಗ್ಗಿ” ಅಂದರು. ಬೆಲ್ಲ, ಕೊಬ್ಬರಿ, ಬೆಂದ ಗೋಧಿ. ಇದಕ್ಕಿಂತ ಸರಿಯಾದ ವರ್ಣನೆಯನ್ನು ನಾನು ಯಾವ ಲೇಬಲ್ಲಿನ ಮೇಲೂ ಓದಿಲ್ಲ.

ಎರಡನೆಯದು ಬಫಲೋ ಟ್ರೇಸ್. ಮ್ಯಾಶ್ ಬಿಲ್ಲಿನ ಅಂಕಿಗಳನ್ನು ಕಂಪನಿ ಹೇಳುವುದಿಲ್ಲ, ಆದರೆ ರೈ ಕಡಿಮೆ ಇರುವ ಜಾತಿ ಎಂಬುದು ಎಲ್ಲರಿಗೂ ಗೊತ್ತು. ಆಲೆಮನೆಯ ಕೊಪ್ಪರಿಗೆ ಇಳಿಸುವ ಹೊತ್ತಿನ ಕೆಂಪು ಪಾಕದ ವಾಸನೆ ಮುಂದೆ, ಕಿತ್ತಳೆ ಸಿಪ್ಪೆ ಹಿಂದೆ. ಒಂದೇ ಬರ್ಬನ್ ಕೊಳ್ಳುವವರಿಗೆ ನಾನು ಕೊಡುವ ಹೆಸರು ಇದು.

ಮೂರನೆಯದು ಬುಲಿಟ್ ಬರ್ಬನ್, 28 ಪಾಲು ರೈ. ಹೆಸರಿಗೆ ಬರ್ಬನ್, ಆದರೆ ಗುಟುಕಿನ ನಡುವೆ ಸಿಹಿ ನಿಂತುಹೋಗುತ್ತದೆ. ಚಕ್ಕೆ ಲವಂಗ ಹುರಿದ ಬಾಣಲೆಯ ಒಣ ಘಾಟು ಅಲ್ಲಿಂದ ಶುರು. ಇದು ಹಿಡಿಸಿದರೆ ನಿಮಗೆ ರೈ ಹಿಡಿಸುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ.

ನಾಲ್ಕನೆಯದು ಸ್ಯಾಜರಾಕ್ ರೈ. ಬಫಲೋ ಟ್ರೇಸ್ ಆಗುವ ಭಟ್ಟಿಯಲ್ಲೇ ಆಗುವುದು, ಅದೇ 45. ಬದಲಾಗಿರುವುದು ಮುಖ್ಯವಾಗಿ ಕಾಳು. ಐದರಲ್ಲಿ ಎರಡನ್ನೇ ಆರಿಸಿ ಎಂದರೆ ನಾನು ಇವೆರಡನ್ನೂ ಮೇಜಿನ ಮೇಲೆ ಇಡುತ್ತೇನೆ. ಪಾಕ ಹಾಗೆಯೇ ಇದೆ, ಅದರ ಮೇಲೆ ಸೋಂಪು ಅಗಿದ ತಂಪು, ನಿಂಬೆ ಸಿಪ್ಪೆ, ಕಡೆಗೆ ನಾಲಿಗೆಯ ಅಂಚಿನಲ್ಲಿ ಕರಿಮೆಣಸು. ಕೆಂಟಕಿಯ ರೈ ಎಂದರೆ ಹೀಗೆ, ಬರ್ಬನ್ ಮನೆಯಲ್ಲಿ ಬೆಳೆದ ರೈ.

ಐದನೆಯದು ಬುಲಿಟ್ ರೈ. ಅಲ್ಲಿ ಜೋಳವೇ ಇಲ್ಲ. ಸಬ್ಬಸಿಗೆ, ಪುದೀನ, ಹಸಿ ಹುಲ್ಲು. ಸಿಹಿ ತೀರಾ ಕಡಿಮೆ. ಇದನ್ನು ಕುಡಿದು ತಕ್ಷಣ ಮೇಕರ್ಸ್ ಮಾರ್ಕ್‌ಗೆ ವಾಪಸ್ ಹೋದರೆ ಅದು ಪಾಯಸದ ಹಾಗೆ ಕಾಣುತ್ತದೆ.

ಮಾರನೆಯ ರಾತ್ರಿ ಚೀಟಿಗಳನ್ನು ಕಲೆಸಿ ಇನ್ನೊಮ್ಮೆ ನೋಡಿದೆವು. ಭಾವ ಸಬ್ಬಸಿಗೆಯನ್ನೂ ಹುಗ್ಗಿಯನ್ನೂ ತಪ್ಪಿಲ್ಲದೆ ಹಿಡಿದರು. ಬುಲಿಟ್ ಬರ್ಬನ್ನನ್ನೂ ಸ್ಯಾಜರಾಕ್ ರೈಯನ್ನೂ ಇಬ್ಬರೂ ಅದಲುಬದಲು ಮಾಡಿದೆವು. ಏಣಿಯ ಎರಡು ತುದಿಗಳನ್ನು ಯಾರು ಬೇಕಾದರೂ ಗುರುತಿಸುತ್ತಾರೆ, ನಡುವಿನ ಮೆಟ್ಟಿಲುಗಳಲ್ಲಿ ಹೆಸರು ಮುಚ್ಚಿದರೆ ಬರ್ಬನ್ ಯಾವುದು ರೈ ಯಾವುದು ಎಂದು ಹೇಳುವುದು ಕಷ್ಟ.

ಸುರಿಯುವುದು, ಮೂಸುವುದು

ಒಂದು ಗ್ಲಾಸಿಗೆ 15 ಮಿಲಿ ಸಾಕು. ಐದು ಗ್ಲಾಸು ಸೇರಿದರೂ ಒಂದು ದೊಡ್ಡ ಪೆಗ್ಗಿಗಿಂತ ಸ್ವಲ್ಪವೇ ಜಾಸ್ತಿ, ಅದಕ್ಕೆ ಒಂದೂವರೆ ಗಂಟೆ ತಗೊಳ್ಳಿ. ಬಾಯಿ ಕಿರಿದಾದ ಗ್ಲಾಸು ಒಳ್ಳೆಯದು, ಗ್ಲೆನ್‌ಕೇರ್ನ್ ಎಂಬ ತಾವರೆ ಮೊಗ್ಗಿನ ಆಕಾರದ್ದು ಎಲ್ಲ ಕಡೆ ಸಿಗುತ್ತದೆ. ಇಲ್ಲದಿದ್ದರೆ ಬೈಟೂ ಕಾಫಿ ಕೊಡುವ ಸಣ್ಣ ಗಾಜಿನ ಲೋಟವಾದರೂ ಸರಿ, ಐದೂ ಒಂದೇ ಅಳತೆಯವಾಗಿರಲಿ. ಸುರಿಯುವವರು ಮೂರನೆಯವರಾಗಿರಬೇಕು, ನಮಗೆ ನನ್ನ ಹೆಂಡತಿ ಸುರಿದು ಕೆಳಗೆ ಚೀಟಿ ಇಟ್ಟಳು. ಸುರಿದು ಹತ್ತು ನಿಮಿಷ ಬಿಟ್ಟು, ಬಾಯಿ ಸ್ವಲ್ಪ ತೆರೆದುಕೊಂಡು ಮೂಸಿ. ಬಾಯಿ ಮುಚ್ಚಿ ಮೂಸಿದರೆ ಮೂಗಿಗೆ ಬರೀ ಸ್ಪಿರಿಟ್ ಹೊಡೆಯುತ್ತದೆ. ಮೊದಲ ಗುಟುಕನ್ನು ಲೆಕ್ಕಕ್ಕೆ ಇಡಬೇಡಿ, ಅದು ನಾಲಿಗೆಯನ್ನು ಹದಕ್ಕೆ ತರಲು. ಎರಡನೆಯ ಗುಟುಕನ್ನು ಬಾಯಲ್ಲಿ ಅತ್ತಿತ್ತ ಆಡಿಸಿ ನಿಧಾನ ನುಂಗಿ. ಆಮೇಲೆ ನಾಲ್ಕೈದು ಹನಿ ನೀರು ಹಾಕಿ ಇನ್ನೊಮ್ಮೆ. ನೀರು ಬಿದ್ದಾಗ ರೈಯ ಸೊಪ್ಪಿನ ವಾಸನೆ ಏಳುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ನಡುನಡುವೆ ಬಾಯಿ ಶುದ್ಧ ಮಾಡಲು ಒಗ್ಗರಣೆ ಹಾಕದ ಬರೀ ಮಂಡಕ್ಕಿ. ಖಾರದ ಕಡಲೆಬೀಜ, ಚಿಪ್ಸ್, ಉಪ್ಪಿನಕಾಯಿ ಎಲ್ಲ ಕಡೆಗೆ. ಅಂದು ಸಂಜೆ ಅಡುಗೆಮನೆಯಲ್ಲಿ ಒಗ್ಗರಣೆಯೂ ಬೇಡ, ಇಂಗಿನ ವಾಸನೆ ಇದ್ದರೆ ಮೂಗು ಬೇರೇನನ್ನೂ ಕೇಳುವುದಿಲ್ಲ.

ಎರಡೇ ಬಾಟಲಿ ಸಾಕು ಎನ್ನುವವರಿಗೆ

ನನ್ನ ಮೊದಲ ಆಯ್ಕೆ ಇವಾನ್ ವಿಲಿಯಮ್ಸ್‌ನ ಬಿಳಿ ಲೇಬಲ್ ಬರ್ಬನ್, ಮತ್ತು ರಿಟನ್‌ಹೌಸ್ ರೈ. ಎರಡೂ ಹೆವನ್ ಹಿಲ್ ಕಂಪನಿಯವು, ಎರಡೂ ‘ಬಾಟಲ್ಡ್ ಇನ್ ಬಾಂಡ್’. ವಿಸ್ಕಿಗೆ ಬಣ್ಣ ಬೆರೆಸಿ ಮಾರುತ್ತಿದ್ದವರ ಹಾವಳಿ ತಡೆಯಲು 1897ರಲ್ಲಿ ತಂದ ಕಾಯ್ದೆಯ ಹೆಸರು ಅದು. ಒಂದೇ ಭಟ್ಟಿ, ಒಂದೇ ಹಂಗಾಮು, ಸರ್ಕಾರದ ನಿಗಾ ಇರುವ ಗೋದಾಮಿನಲ್ಲಿ ಕನಿಷ್ಠ ನಾಲ್ಕು ವರ್ಷ, ಬಾಟಲಿಯಲ್ಲಿ ಸರಿಯಾಗಿ 50 ಪರ್ಸೆಂಟ್. ಕಂಪನಿ, ಕಸುವು, ಕನಿಷ್ಠ ವಯಸ್ಸು ಎಲ್ಲ ಹೊಂದಿಬಂದು ಕಾಳು ಮಾತ್ರ ಬದಲಾದ ಇಂಥ ಜೋಡಿ ಇಷ್ಟು ಕಡಿಮೆ ಬೆಲೆಗೆ ಇನ್ನೊಂದಿಲ್ಲ. ರಿಟನ್‌ಹೌಸ್‌ನಲ್ಲಿ ರೈ ಕಾನೂನಿನ ಗೆರೆಗೆ ಹತ್ತಿರದ 51 ಪಾಲು ಮಾತ್ರ, ಆದ್ದರಿಂದ ಬರ್ಬನ್ನಿನಿಂದ ಬರುವವರಿಗೆ ಬೆಚ್ಚಿಬೀಳಿಸುವುದಿಲ್ಲ.

ಇನ್ನೂ ದಪ್ಪ ರುಚಿ ಬೇಕಾದರೆ ವೈಲ್ಡ್ ಟರ್ಕಿ 101, ಬರ್ಬನ್ ಒಂದು, ರೈ ಒಂದು. ಎರಡೂ 50.5. ಇವರ ಬ್ಯಾರೆಲ್ಲಿನ ಒಳಮೈಯನ್ನು ನಾಲ್ಕನೆಯ ಮಟ್ಟದವರೆಗೆ, ಮರ ಮೊಸಳೆ ಚರ್ಮದಂತೆ ಬಿರಿಯುವಷ್ಟು ಸುಡುತ್ತಾರೆ. ಅಲ್ಲಿ ವಿಸ್ಕಿ ಮಾಡುವವರು ಮೂರು ತಲೆಮಾರಿನಿಂದ ಒಂದೇ ಮನೆಯವರು: ಜಿಮ್ಮಿ ರಸೆಲ್ 1954ರಲ್ಲಿ ಕೆಲಸಕ್ಕೆ ಸೇರಿದವರು, ಆಮೇಲೆ ಮಗ ಎಡ್ಡಿ, ಈಗ ಮೊಮ್ಮಗ ಬ್ರೂಸ್. ಈ ಭಟ್ಟಿ ಇರುವುದೂ ಲಾರೆನ್ಸ್‌ಬರ್ಗ್‌ನಲ್ಲೇ, ಆದರೆ ಅದು ಕೆಂಟಕಿಯ ಲಾರೆನ್ಸ್‌ಬರ್ಗ್, ಇಂಡಿಯಾನಾದ್ದಲ್ಲ. ಭಟ್ಟಿ ನೋಡಲು ಹೊರಡುವವರು ಮ್ಯಾಪಿನಲ್ಲಿ ರಾಜ್ಯದ ಹೆಸರನ್ನೂ ಹಾಕಿಕೊಳ್ಳಿ.

ಕೆನಡಾದ ಬಾಟಲಿಯ ಮೇಲೆ ರೈ ಎಂದಿದ್ದರೆ ಅಲ್ಲಿ ಕನಿಷ್ಠ ಇಷ್ಟು ರೈ ಇರಲೇಬೇಕು ಎಂಬ ನಿಯಮ ಇಲ್ಲ. ಜ್ಯಾಕ್ ಡೇನಿಯಲ್ಸ್ ಇದ್ದಿಲಿನ ಮೂಲಕ ಸೋಸಿದ ಟೆನೆಸ್ಸೀ ವಿಸ್ಕಿ. ಎರಡನ್ನೂ ಈ ಹೋಲಿಕೆಗೆ ಸೇರಿಸಬೇಡಿ.

ರೈ ಎಲ್ಲಿ ಹೋಗಿತ್ತು

ಅಂಗಡಿಯಲ್ಲಿ ಬರ್ಬನ್ ಹತ್ತು ಸಾಲು, ರೈ ಒಂದು ಸಾಲು. ಹಿಂದೆ ಹೀಗಿರಲಿಲ್ಲ. ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್‌ನ ರೈತರಿಗೆ ರೈಯೇ ಕೈಗೆ ಸಿಗುವ ಕಾಳು. 1791ರ ವಿಸ್ಕಿ ತೆರಿಗೆಯ ವಿರುದ್ಧ ದಂಗೆಯೆದ್ದವರು ಪಶ್ಚಿಮ ಪೆನ್ಸಿಲ್ವೇನಿಯಾದ ಅದೇ ರೈತರು. 1794ರಲ್ಲಿ ಸೈನ್ಯದೊಂದಿಗೆ ಹೋಗಿ ಆ ದಂಗೆಯನ್ನು ಅಡಗಿಸಿದ ಜಾರ್ಜ್ ವಾಷಿಂಗ್ಟನ್, ಅಧಿಕಾರ ಬಿಟ್ಟ ಮೇಲೆ ಮೌಂಟ್ ವರ್ನನ್‌ನ ತಮ್ಮ ಜಮೀನಿನಲ್ಲಿ ತಾವೇ ಭಟ್ಟಿ ಹಾಕಿಸಿದರು. 60 ಪಾಲು ರೈ, 35 ಪಾಲು ಜೋಳ, 5 ಪಾಲು ಬಾರ್ಲಿ. 1799ರಲ್ಲಿ ಅಲ್ಲಿ ಸುಮಾರು 11,000 ಗ್ಯಾಲನ್ ಇಳಿಯಿತು.

1920ರಿಂದ 1933ರವರೆಗಿನ ಪಾನನಿಷೇಧವು ಪೂರ್ವ ರಾಜ್ಯಗಳ ರೈ ಭಟ್ಟಿಗಳ ಬೆನ್ನು ಮುರಿಯಿತು. ಆಮೇಲೆ ಚೇತರಿಸಿಕೊಂಡದ್ದು ಹೆಚ್ಚಾಗಿ ಕೆಂಟಕಿ, ಅಲ್ಲಿನದು ಜೋಳ. ರೈ ಕುದಿಸುವುದೂ ತ್ರಾಸದ ಕೆಲಸ, ಅಂಟಂಟಾಗಿ ನೊರೆ ಉಕ್ಕಿ ತೊಟ್ಟಿಯಿಂದ ಹೊರಗೆ ಬರುತ್ತದೆ. ಪೆನ್ಸಿಲ್ವೇನಿಯಾದಲ್ಲಿ 1810ರಲ್ಲಿ ಶುರುವಾದ ಓಲ್ಡ್ ಓವರ್‌ಹೋಲ್ಟ್, ಫಿಲಡೆಲ್ಫಿಯಾದ ಹೆಸರು ಹೊತ್ತ ರಿಟನ್‌ಹೌಸ್ ಎರಡೂ ಕೆಂಟಕಿಯ ಕಂಪನಿಗಳ ಕೈಗೆ ಬಂದವು. ರೈಗೆ ಮತ್ತೆ ಜೀವ ಬಂದದ್ದು ಈ ಶತಮಾನದಲ್ಲಿ, ಹಳೆಯ ಕಾಕ್‌ಟೇಲ್‌ಗಳನ್ನು ಸರಿಯಾಗಿ ಮಾಡಬೇಕೆಂದು ಹಟ ಹಿಡಿದ ಬಾರ್‌ಟೆಂಡರ್‌ಗಳಿಂದ. ಮ್ಯಾನ್‌ಹಟನ್ ಎಂಬ ಕಾಕ್‌ಟೇಲ್‌ನಲ್ಲಿ ಸಿಹಿ ವರ್ಮೂತ್ (ಮೂಲಿಕೆ ಬೆರೆಸಿದ ವೈನ್) ಇರುವುದರಿಂದ ಅಲ್ಲಿ ರೈಯೇ ಸರಿ, ಬರ್ಬನ್ ಹಾಕಿದರೆ ಸಿಹಿ ಮೇಲೆ ಸಿಹಿ.

ಕೊಳ್ಳುವಾಗ

ವಯಸ್ಸಿನ ಅಂಕಿಗೆ ಮರುಳಾಗಬೇಡಿ. ಹೊಸ ಬ್ಯಾರೆಲ್, ಕೆಂಟಕಿಯ ಬೇಸಿಗೆ ಎರಡೂ ಸೇರಿ ಮರದ ರುಚಿ ಬೇಗ ಇಳಿಯುತ್ತದೆ. ನನ್ನ ನಾಲಿಗೆಗೆ ಬರ್ಬನ್ ಆರರಿಂದ ಹತ್ತು ವರ್ಷದ್ದು, ರೈ ನಾಲ್ಕರಿಂದ ಆರು ವರ್ಷದ್ದು ಚೆನ್ನ. ಅದರಾಚೆ ರೈಯ ಸೊಪ್ಪಿನ ವಾಸನೆ ಮರದ ಒಗರಿನಲ್ಲಿ ಮುಳುಗುತ್ತದೆ.

ಅಪರೂಪದ ಬಾಟಲಿಗಳ ಹಿಂದೆಯೂ ಹೋಗಬೇಡಿ. ಕೆಲವು ವರ್ಷದ ಹಿಂದೆ ನಮ್ಮೂರಿನ ಒಂದು ಅಂಗಡಿಯವರು ಕಪಾಟಿನ ಹಿಂದಿನಿಂದ ತೆಗೆದ ಬರ್ಬನ್ ಒಂದಕ್ಕೆ ನಿಗದಿ ಬೆಲೆಯ ಮೂರು ಪಟ್ಟು ತಗೊಂಡರು. ಚೀಟಿ ಇಟ್ಟು ಐವರಿಗೆ ಕುಡಿಸಿದೆ. ನಾಲ್ವರು ಮೆಚ್ಚಿದ್ದು ಪಕ್ಕದಲ್ಲಿದ್ದ ಇವಾನ್ ವಿಲಿಯಮ್ಸ್‌ನ ಅದೇ ಬಿಳಿ ಲೇಬಲ್ಲನ್ನು. ಆ ದುಡ್ಡಿಗೆ ಈ ಐದೂ ಬಾಟಲಿ ಬರುತ್ತಿತ್ತು ಎಂಬ ಸಂಕಟ ನನಗೆ ಇನ್ನೂ ಇದೆ.

ಕರ್ನಾಟಕದಲ್ಲಿ ಇರುವವರಿಗೆ ದಾರಿ ಬೇರೆ. 2025ರ ಫೆಬ್ರವರಿಯಲ್ಲಿ ಭಾರತ ಬರ್ಬನ್ ಮೇಲಿನ ಆಮದು ಸುಂಕವನ್ನು 150ರಿಂದ 100 ಪರ್ಸೆಂಟಿಗೆ ಇಳಿಸಿತು, ಆದರೂ ರಾಜ್ಯದ ಅಬಕಾರಿ ಸೇರಿ ಬೆಲೆ ಏರುತ್ತದೆ, ರೈಯಂತೂ ಸಿಗುವುದೇ ಅಪರೂಪ. ವಿದೇಶದಿಂದ ಬರುವವರು ಎರಡು ಲೀಟರ್ ತರಬಹುದು. ಯಾರಾದರೂ ಬರುತ್ತಿದ್ದರೆ ಒಂದೇ ಜಾತಿಯ ಎರಡು ಬಾಟಲಿ ಹೇಳಬೇಡಿ, ಒಂದು ಬರ್ಬನ್, ಒಂದು ರೈ, ಸಾಧ್ಯವಾದರೆ ಒಂದೇ ಕಂಪನಿಯದು ಎಂದು ಹೇಳಿ. ಖಾರದ ಊಟದ ಜೊತೆ ಕುಡಿಯುವವರಾದರೆ ಬರ್ಬನ್. ಕೋಳಿ ಸುಕ್ಕದ ಮುಂದೆ ರೈಯ ಮೆಣಸು ಕಾಣುವುದೇ ಇಲ್ಲ, ಬರ್ಬನ್ನಿನ ಸಿಹಿ ನಿಲ್ಲುತ್ತದೆ. ಸೋಡಾ ಬೆರೆಸುವವರಾದರೆ ರೈ. ಎಷ್ಟು ಸೋಡಾ ಸುರಿದರೂ ಅದರ ವಾಸನೆ ಸಾಯುವುದಿಲ್ಲ. ಊಟವಾದ ಮೇಲೆ ಬರೀ ಒಂದು ಗುಟುಕು ಬೇಕೆನ್ನುವವರಿಗೆ ನಾನು ಸ್ಯಾಜರಾಕ್ ರೈ ಸುರಿಯುತ್ತೇನೆ.

ತಂದ ಬಾಟಲಿಯನ್ನು ನಿಲ್ಲಿಸಿಯೇ ಇಡಿ. ಮಲಗಿಸಿದರೆ ಸ್ಪಿರಿಟ್ ಕಾರ್ಕನ್ನು ತಿನ್ನುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿದ ಮೇಲೆ ಗಾಳಿ ಹೆಚ್ಚಾಗಿ ಘಮ ಮಂಕಾಗುತ್ತದೆ, ಕೆಲವು ತಿಂಗಳೊಳಗೆ ಮುಗಿಸಿ ಇಲ್ಲವೇ ಸಣ್ಣ ಬಾಟಲಿಗೆ ಬಗ್ಗಿಸಿಡಿ. ಭಾವ ಊರಿಗೆ ಒಯ್ದದ್ದು ಮೇಕರ್ಸ್ ಮಾರ್ಕ್ ಒಂದು, ಬುಲಿಟ್ ರೈ ಒಂದು, ಏಣಿಯ ಎರಡೂ ತುದಿ. ಹೋದ ವಾರ ಫೋನ್ ಮಾಡಿ, ರೈ ಮುಗೀತಾ ಬಂತು, ಮೊದಲನೇದನ್ನ ಯುಗಾದಿ ಹುಗ್ಗಿಗೆ ಅಂತ ಇಟ್ಟೀನಿ ಅಂದರು.